ಮಾತು ಕೊಟ್ಟವರು ಬರಲಿಲ್ಲ

ಸಂಗೀತಕ್ಕೆ ಹೆಸರಾದ ರುದ್ರಪಟ್ಟಣದಲ್ಲಿ ಯುದ್ಧದ ಒಪ್ಪಂದಗಳ ಮಾತೇಕೆ ಎಂದು ಸಭಿಕರಿಗೆ ಅನಿಸಬಹುದು. ಆದರೆ ಈ ಊರನ್ನು ಮುಟ್ಟಿ ಹರಿಯುವ ಕಾವೇರಿಯೇ ಮುಂದೆ ಶ್ರೀರಂಗಪಟ್ಟಣವನ್ನು ಬಳಸಿ ಹೋಗುತ್ತದೆ. ಮಿತ್ರನಿಗೆ ಕೊಟ್ಟ ಮಾತು ತಪ್ಪಿದರೆ ಏನಾಗುತ್ತದೆ ಎಂಬುದನ್ನು ಈ ಸೀಮೆ ಎರಡೂವರೆ ಶತಮಾನದ ಹಿಂದೆಯೇ ಕಂಡಿದೆ.

ಮೊದಲನೆಯ ಮೈಸೂರು ಯುದ್ಧದ ಕೊನೆಗೆ, 1769ರಲ್ಲಿ, ಹೈದರ್ ಅಲಿ ತನ್ನ ಕುದುರೆ ದಂಡಿನೊಡನೆ ಮದರಾಸಿನ ಬಾಗಿಲಿಗೇ ಹೋಗಿ ನಿಂತ. ಕಂಗೆಟ್ಟ ಈಸ್ಟ್ ಇಂಡಿಯಾ ಕಂಪನಿ ಏಪ್ರಿಲ್‌ನಲ್ಲಿ ಒಪ್ಪಂದಕ್ಕೆ ರುಜು ಹಾಕಿತು. ಒಬ್ಬರ ಮೇಲೆ ಶತ್ರು ಏರಿ ಬಂದರೆ ಇನ್ನೊಬ್ಬರು ನೆರವಾಗಬೇಕು ಎಂಬುದು ಅದರ ಮುಖ್ಯ ಷರತ್ತು. ಹೈದರನಿಗೆ ಬೇಕಾಗಿದ್ದುದೂ ಅದೇ. ಅವನ ಭಯವೆಲ್ಲ ಪುಣೆಯ ಕಡೆಯಿಂದ.

ಆ ಭಯ ನಿಜವಾಯಿತು. 1770ರಲ್ಲಿ ಪೇಶ್ವೆ ಮಾಧವರಾಯ ದಂಡೆತ್ತಿ ಬಂದ. ಅವನು ಕಾಯಿಲೆ ಬಿದ್ದು ಹಿಂದಿರುಗಿದ ಮೇಲೆ ತ್ರಿಂಬಕರಾವ್ ದಂಡನ್ನು ಮುನ್ನಡೆಸಿದ. ಹೈದರ್ ಮದರಾಸಿನ ನೆರವು ಕೇಳಿದ, ಬರಲಿಲ್ಲ. 1771ರ ಮಾರ್ಚಿಯಲ್ಲಿ ಮೇಲುಕೋಟೆಯ ಸಮೀಪದ ಚಿನಕುರಳಿಯಲ್ಲಿ ಮೈಸೂರಿನ ಸೈನ್ಯ ನುಚ್ಚುನೂರಾಯಿತು. ಮರುವರ್ಷ ಹಣ, ನೆಲ ಎರಡನ್ನೂ ತೆತ್ತು ಹೈದರ್ ಸಂಧಿ ಮಾಡಿಕೊಳ್ಳಬೇಕಾಯಿತು.

ಕಷ್ಟವುಂಡವರು ರೈತಾಪಿ ಜನ. ಚನ್ನರಾಯಪಟ್ಟಣದ ಕೋಟೆಗೆ ಹೈದರ್ ನೀರಿನ ಕಂದಕ ತೋಡಿಸಿ ಬಲಪಡಿಸಿದನೆಂದೂ, ಮರಾಠರ ಪದೇ ಪದೇ ದಾಳಿಯಿಂದ ಸುತ್ತಲ ಸೀಮೆ ಆಗ ಬಹುತೇಕ ನಿರ್ಜನವಾಗಿತ್ತೆಂದೂ ಹಳೆಯ ಗೆಜೆಟಿಯರು ತಿಳಿಸುತ್ತದೆ.

ಕಂಪನಿ ಮಾತು ತಪ್ಪಲು ಕಾರಣಗಳಿದ್ದವು. ಯುದ್ಧದಿಂದ ಅದರ ಬೊಕ್ಕಸ ಸೊರಗಿತ್ತು. ಅದು ನೆಚ್ಚಿದ್ದ ಆರ್ಕಾಟಿನ ನವಾಬ ಮಹಮ್ಮದ್ ಅಲಿ ಹೈದರನ ಕಡುವೈರಿ. 1769ರಲ್ಲಿ ಹೈದರನ ಮುನ್ನಡೆಯ ಸುದ್ದಿ ಮುಟ್ಟಿದಾಗ ಲಂಡನ್ನಿನಲ್ಲಿ ಕಂಪನಿಯ ಷೇರಿನ ಬೆಲೆ ಕುಸಿದಿತ್ತು. ಷೇರುದಾರರ ಕಳವಳ ಆ ಬೆಲೆಯಲ್ಲೇ ಕಾಣುತ್ತಿತ್ತು. ಚನ್ನರಾಯಪಟ್ಟಣದ ರೈತನ ಅಭಿಪ್ರಾಯವನ್ನು ತಿಳಿಸುವ ಅಂಥ ಅಳತೆ ಯಾವುದೂ ಇರಲಿಲ್ಲ.

ಹೈದರ್ ಇದನ್ನು ಮರೆಯಲಿಲ್ಲ. 1780ರಲ್ಲಿ ನಿಜಾಮ ಮತ್ತು ಮರಾಠರೊಡನೆ ಸೇರಿ ಕಂಪನಿಯ ಮೇಲೆ ತಿರುಗಿಬಿದ್ದ. ಆ ಸೆಪ್ಟೆಂಬರಿನಲ್ಲಿ ಪೊಳ್ಳಿಲೂರಿನಲ್ಲಿ ಕರ್ನಲ್ ಬೇಯ್ಲಿಯ ಪಡೆ ಪೂರಾ ನಾಶವಾಯಿತು. ಹತ್ತು ವರ್ಷಗಳ ಹಿಂದೆ ಉಳಿಸಿದ ಖರ್ಚನ್ನು ಕಂಪನಿ ಬಡ್ಡಿಸಮೇತ ತೆತ್ತಿತು.

ಈಗ ಜನರ ಅಭಿಪ್ರಾಯ ಕೇಳುವ ಕಾಲ. 1949ರಲ್ಲಿ ಹುಟ್ಟಿದ ನೇಟೋ ಕೂಟದ ಐದನೆಯ ವಿಧಿಯ ಪ್ರಕಾರ ಒಬ್ಬ ಸದಸ್ಯನ ಮೇಲಿನ ದಾಳಿ ಎಲ್ಲರ ಮೇಲಿನ ದಾಳಿ. ಆದರೂ ಏನು ಮಾಡಬೇಕೆಂಬುದನ್ನು ಆಯಾ ದೇಶವೇ ತೀರ್ಮಾನಿಸಬಹುದು. ಪ್ಯೂ ಸಂಶೋಧನಾ ಕೇಂದ್ರ 2020ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, 16 ಸದಸ್ಯ ದೇಶಗಳ ಮಧ್ಯಮ ಲೆಕ್ಕದಂತೆ, ರಷ್ಯಾ ಒಂದು ಮಿತ್ರರಾಷ್ಟ್ರದೊಡನೆ ಯುದ್ಧಕ್ಕಿಳಿದರೆ ತಮ್ಮ ದೇಶ ರಕ್ಷಣೆಗೆ ಹೋಗಬೇಕು ಎಂದವರು ಶೇಕಡ 38, ಬೇಡ ಎಂದವರು ಶೇಕಡ 50. ಅಮೆರಿಕ ಮಾತ್ರ ಬಂದೇ ಬರುತ್ತದೆ ಎಂದು ನಂಬಿದವರು ಇದಕ್ಕಿಂತ ಹೆಚ್ಚು!

ಭಾರತ ಇಂಥ ಕೂಟಗಳಿಂದ ದೂರವೇ ಉಳಿದಿದೆ. 1971ರ ಆಗಸ್ಟ್ 9ರ ಭಾರತ-ಸೋವಿಯತ್ ಒಪ್ಪಂದವೂ ದಾಳಿಯಾದರೆ ಸಮಾಲೋಚಿಸುವ ಭರವಸೆ ಕೊಟ್ಟಿತೇ ಹೊರತು ಸೈನ್ಯ ಕಳಿಸುವ ಭರವಸೆಯನ್ನಲ್ಲ.

ಮಿತ್ರರು ಬರುತ್ತಾರೆಂದು ನಂಬುವುದು ಸುಲಭ. ತನ್ನ ಮಗನನ್ನು ಮಿತ್ರರಿಗಾಗಿ ಕಳಿಸುವುದು ಕಷ್ಟ. ಆ ಕಷ್ಟವನ್ನು ರುಜು ಹಾಕುವ ಮೊದಲೇ ಜನರ ಮುಂದಿಟ್ಟ ಒಪ್ಪಂದಕ್ಕೆ ಬೆಲೆಯುಂಟು. ಮುಚ್ಚಿಟ್ಟ ಒಪ್ಪಂದವನ್ನು ನೆಚ್ಚಿದವರ ಪಾಡೇನೆಂಬುದಕ್ಕೆ ಚಿನಕುರಳಿಯ ಬಯಲೇ ಸಾಕ್ಷಿ.