‘ದಾಖಲಾಗಿದೆ’ ಎಂದು ಹೇಳುವ ಮೊದಲು



ಸಾಹಿತ್ಯದ ಸಭೆಯಲ್ಲಿ ಡೇಟಾಬೇಸ್ ಕುರಿತು ಮಾತನಾಡುತ್ತಿರುವುದಕ್ಕೆ ನಾನು ಕ್ಷಮೆ ಕೇಳುವುದಿಲ್ಲ. ವಲಸೆ ಕಾರ್ಮಿಕರ ಸಂಬಳ ಬಾಕಿಯ ದೂರುಗಳನ್ನು ದಾಖಲಿಸುವ ಸಣ್ಣ ಬಳಗವೊಂದರಲ್ಲಿ ನಾನೂ ಇದ್ದೇನೆ. ನಮ್ಮ ಪೋಸ್ಟ್‌ಗ್ರೆಸ್ ಡೇಟಾಬೇಸ್ ಇರುವುದು ಝಡ್‌ಎಫ್‌ಎಸ್ ಎಂಬ ಕಡತ ವ್ಯವಸ್ಥೆಯ ಮೇಲೆ. ಅದು ನಿಧಾನವಾಯಿತೆಂದು ಯಾರೋ ‘ಸಿಂಕ್’ ಸೌಲಭ್ಯವನ್ನು ನಿಲ್ಲಿಸಿಬಿಟ್ಟರು. ಯಾರೋ ಏನು, ನಾನೇ. ವೇಗ ಬಂದಿತು, ಎಲ್ಲರೂ ಬೆನ್ನು ತಟ್ಟಿದರು. ಒಂದು ರಾತ್ರಿ ವಿದ್ಯುತ್ ಹೋಯಿತು. ಡೇಟಾಬೇಸ್ ಯಾವ ದೋಷವನ್ನೂ ತೋರದೆ ಮತ್ತೆ ಎದ್ದಿತು. ಒಂದು ದೂರು ಮಾತ್ರ ಅದರಲ್ಲಿರಲಿಲ್ಲ. ದೂರಿತ್ತವರ ಫೋನಿನಲ್ಲಿ ‘ದಾಖಲಾಗಿದೆ’ ಎಂಬ ನಮ್ಮ ಸಂದೇಶ ಹಾಗೆಯೇ ಇತ್ತು.

ಆದದ್ದಿಷ್ಟು. ‘ಆಯಿತು’ ಎನ್ನುವ ಮೊದಲು ಪೋಸ್ಟ್‌ಗ್ರೆಸ್ ತನ್ನ ಲಾಗ್ ಡಿಸ್ಕನ್ನು ತಲುಪಿತೇ ಎಂದು ವಿಚಾರಿಸುತ್ತದೆ. ಸಿಂಕ್ ನಿಲ್ಲಿಸಿದರೆ ಝಡ್‌ಎಫ್‌ಎಸ್ ತಲುಪುವ ಮೊದಲೇ ‘ಹೂಂ’ ಎನ್ನುತ್ತದೆ. ಬರಹ ಸಾಮಾನ್ಯವಾಗಿ 5 ಸೆಕೆಂಡಿನವರೆಗೆ ಮೆಮೊರಿಯಲ್ಲೇ ಕಾಯುತ್ತಿರುತ್ತದೆ. ಡೇಟಾ, ಲಾಗ್ ಎರಡೂ ಒಂದೇ ಪೂಲ್‌ನಲ್ಲಿದ್ದುದರಿಂದ ನಮ್ಮಲ್ಲಿ ಏನೂ ಕೆಡಲಿಲ್ಲ. ಕಡೆಯ ಕೆಲವು ಕ್ಷಣಗಳು ನಡೆದೇ ಇಲ್ಲವೆಂಬಂತೆ ಅಳಿದವು. ಕೆಟ್ಟಿದ್ದರೆ ಗೊತ್ತಾದರೂ ಆಗುತ್ತಿತ್ತು!

ಹಾಗೆಂದು ವೇಗವೆಲ್ಲ ಮೋಸದ್ದಲ್ಲ. ಪೋಸ್ಟ್‌ಗ್ರೆಸ್‌ನ ಪುಟ 8 ಕೆಬಿ. ಬರೆಯುತ್ತಿರುವಾಗ ವಿದ್ಯುತ್ ಹೋದರೆ ಪುಟ ಅರ್ಧ ಹಳತು, ಅರ್ಧ ಹೊಸತಾಗಿ ಉಳಿದೀತು ಎಂಬ ಭಯದಿಂದ, ಪ್ರತಿ ಚೆಕ್‌ಪಾಯಿಂಟಿನ ನಂತರದ ಮೊದಲ ಬದಲಾವಣೆಗೆ ಅದು ಇಡೀ ಪುಟವನ್ನೇ ಲಾಗ್‌ನಲ್ಲಿ ನಕಲಿಸುತ್ತದೆ. ಝಡ್‌ಎಫ್‌ಎಸ್ ಹಳೆಯದರ ಮೇಲೆ ಬರೆಯುವುದೇ ಇಲ್ಲ. ಬೇರೆ ಜಾಗದಲ್ಲಿ ಪೂರ್ತಿ ಬರೆದು ಆಮೇಲೆ ವಿಳಾಸ ಬದಲಿಸುತ್ತದೆ. ಆದ್ದರಿಂದ ‘ಫುಲ್ ಪೇಜ್ ರೈಟ್ಸ್’ ಅನ್ನು ಇಲ್ಲಿ ನಿಲ್ಲಿಸಬಹುದು. ಡೇಟಾಬೇಸನ್ನು ಮಾಮೂಲಿ ಕಡತ ವ್ಯವಸ್ಥೆಗೆ ಸಾಗಿಸುವ ದಿನ ಮರೆಯದೆ ಮತ್ತೆ ಆರಂಭಿಸಬೇಕು. ಇನ್ನು ‘ರೆಕಾರ್ಡ್‌ಸೈಜ್’. ಅದು ತಾನಾಗಿ 128 ಕೆಬಿ ಇರುತ್ತದೆ. 8 ಕೆಬಿ ತಿದ್ದಲು ಅಷ್ಟನ್ನೂ ಮತ್ತೆ ಬರೆಯುವುದು ದಂಡ. 16ಕ್ಕೆ ಇಳಿಸಿದೆವು. ಹಳೆಯ ಕಡತಗಳಿಗೆ ಇದು ತಾನಾಗಿ ಅನ್ವಯಿಸದು, ಡೇಟಾವನ್ನು ಮರಳಿ ತುಂಬಬೇಕಾಯಿತು.

ಸಿಂಕ್ ಈಗ ಮತ್ತೆ ಚಾಲ್ತಿಯಲ್ಲಿದೆ. ಲಾಗ್‌ಗಾಗಿಯೇ, ವಿದ್ಯುತ್ ಹೋದರೂ ಬರೆದದ್ದನ್ನು ಕಳೆದುಕೊಳ್ಳದ ಪುಟ್ಟ ಎಸ್‌ಎಸ್‌ಡಿ ಕೊಂಡೆವು. ಪುಟಗಳ ಭೇಟಿಯ ಎಣಿಕೆಗೆ ಮಾತ್ರ ಪೋಸ್ಟ್‌ಗ್ರೆಸ್‌ನ ‘ಸಿಂಕ್ರೋನಸ್ ಕಮಿಟ್’ ಅನ್ನು ಸಡಿಲಿಸಿದ್ದೇವೆ. ನಾಲ್ಕು ಎಣಿಕೆ ತಪ್ಪಿದರೆ ಯಾರ ಸಂಬಳವೂ ಹೋಗುವುದಿಲ್ಲ.

ಆ ದೂರಿತ್ತವರು ಫೋನಿನಲ್ಲಿ ಎರಡನೆಯ ಬಾರಿ ಎಲ್ಲವನ್ನೂ ಹೇಳಿದರು. ನಾನು ಮೊದಲು ಕಾಗದದ ಮೇಲೆ ಬರೆದುಕೊಂಡೆ.