ಸಂಘದ ಲೆಕ್ಕ ಮೊಬೈಲಿಗೆ ಬಂತು, ಸಂಘದ ಶಿಸ್ತೂ ಬರಲಿ
(ಸ್ವಸಹಾಯ ಸಂಘಗಳ ಒಕ್ಕೂಟದ ಸಭೆಯಲ್ಲಿ ನೀಡಿದ ಮಾಹಿತಿಯ ಬರಹ ರೂಪ)



ಸೈಬರ್ ಸುರಕ್ಷತೆ ಅಂದ ಕೂಡಲೇ "ಅದು ಕಂಪ್ಯೂಟರ್ ಆಫೀಸಿನವರಿಗೆ, ನಮಗ್ಯಾಕೆ?" ಅಂತ ಕೆಲವರಿಗೆ ಅನ್ನಿಸಬಹುದು. ಆದರೆ ನಮ್ಮ ಸಂಘವೂ ಒಂದು ಕೆಲಸದ ಜಾಗವೇ. ಸಾಲದ ಕಂತು, ಹಪ್ಪಳ ಉಪ್ಪಿನಕಾಯಿ ಮಾರಿದ ಹಣ, ಹೊಲಿಗೆಯ ಕೂಲಿ ಈಗ ಹೆಚ್ಚಾಗಿ ಮೊಬೈಲಿನಲ್ಲೇ ಓಡಾಡುತ್ತದೆ. ಹಿಂದೆ ಕಳ್ಳನು ಬೀಗ ಒಡೆಯಬೇಕಿತ್ತು. ಈಗಿನ ಕಳ್ಳ ಫೋನಿನಲ್ಲಿ ಮಾತಾಡಿ ನಮ್ಮ ಕೈಯಿಂದಲೇ ಬೀಗ ತೆಗೆಸುತ್ತಾನೆ.

ಹಾಗಂತ ಹೆದರಬೇಕಾಗಿಲ್ಲ. ಇದಕ್ಕೆ ಬೇಕಾದ ಅಭ್ಯಾಸ ನಮಗೆ ಮೊದಲಿನಿಂದಲೂ ಇದೆ. ಬ್ಯಾಂಕಿನಿಂದ ಹಣ ತೆಗೆಯಲು ಇಬ್ಬರ ಸಹಿ ಬೇಕು. ಹಣವನ್ನು ಎಲ್ಲರೆದುರು ಎಣಿಸುತ್ತೇವೆ. ನಡಾವಳಿ ಓದಿ ಹೇಳಿದ ಮೇಲೆಯೇ ಸಹಿ ಹಾಕುತ್ತೇವೆ. ಈ ಮೂರನ್ನೂ ಮೊಬೈಲಿಗೆ ತಂದರೆ ಅರ್ಧ ಕೆಲಸ ಮುಗಿಯಿತು.

ಮೊದಲನೆಯದು, ಇಬ್ಬರ ಸಹಿ. ಅಧ್ಯಕ್ಷೆಯ ಫೋಟೊ ಹಾಕಿದ ಹೊಸ ನಂಬರಿನಿಂದ "ಆಸ್ಪತ್ರೆಯಲ್ಲಿದ್ದೇನೆ, ಕೂಡಲೇ ಐದು ಸಾವಿರ ಕಳಿಸು" ಅಂತ ವಾಟ್ಸಾಪ್ ಬಂದರೆ ಏನು ಮಾಡಬೇಕು? ಅವರ ಹಳೇ ನಂಬರಿಗೆ ಫೋನ್ ಮಾಡಿ, ದನಿ ಕೇಳಿ. ಅವರು ಸಿಗದಿದ್ದರೆ ಇನ್ನೊಬ್ಬ ಸದಸ್ಯೆಯನ್ನು ಕೇಳಿ. ಅವಸರ ಮಾಡುವವರ ಮಾತಿಗೆ ಒಬ್ಬರೇ ತೀರ್ಮಾನ ತೆಗೆದುಕೊಳ್ಳಬೇಡಿ.

ಎರಡನೆಯದು, ಎಣಿಸುವುದು. ಗಿರಾಕಿ ತೋರಿಸುವ ಸ್ಕ್ರೀನ್‌ಶಾಟ್ ಹಣವಲ್ಲ. ನಿಮ್ಮ ಖಾತೆಗೆ ಜಮಾ ಆಗಿದೆಯೇ ಅಂತ ನೋಡಿಯೇ ಸಾಮಾನು ಕೊಡಿ. ಸದಸ್ಯೆಯರು ಕಂತಿನ ಹಣವನ್ನು ಒಬ್ಬರ ಸ್ವಂತ ನಂಬರಿಗೆ ಕಳಿಸುವ ರೂಢಿ ಇದ್ದರೆ, ವ್ಯವಹಾರ ಸಂಖ್ಯೆಯನ್ನು ಪುಸ್ತಕದಲ್ಲಿ ಬರೆಯಿರಿ. ಆ ಹಣ ತಡಮಾಡದೆ ಸಂಘದ ಖಾತೆಗೆ ಹೋಗಲಿ. ತಿಂಗಳಿಗೊಮ್ಮೆ ಪಾಸ್ ಪುಸ್ತಕವನ್ನು ಸಭೆಯಲ್ಲಿ ಓದಿ.

ಮೂರನೆಯದು, ಓದಿ ಸಹಿ ಹಾಕುವುದು. ಯುಪಿಐ ಪಿನ್ ನಿಮ್ಮ ಸಹಿ ಇದ್ದ ಹಾಗೆ. ಹಣ ಕಳಿಸಲು ಪಿನ್ ಬೇಕು, ಹಣ ಪಡೆಯಲು ಪಿನ್ ಬೇಡವೇ ಬೇಡ. "ನಿಮಗೆ ಹಣ ಹಾಕುತ್ತೇವೆ, ಪಿನ್ ಒತ್ತಿ" ಅಂದರೆ ಅದು ಮೋಸವೇ. ಪಿನ್ ಅನ್ನು ಮೊಬೈಲ್ ಕವರಿನಲ್ಲೋ ಲೆಕ್ಕದ ಪುಸ್ತಕದ ಹಿಂದೆಯೋ ಬರೆದಿಡಬೇಡಿ. ಓಟಿಪಿಯನ್ನು ಬ್ಯಾಂಕಿನವರು ಎಂದವರಿಗೂ ಹೇಳಬೇಡಿ. ಮದುವೆ ಕರೆಯೋಲೆ, ವಾಹನದ ದಂಡ, ಸರ್ಕಾರದ ಯೋಜನೆ ಎಂಬ ಹೆಸರಿನಲ್ಲಿ ವಾಟ್ಸಾಪಿಗೆ 'ಎಪಿಕೆ' ಎಂಬ ಫೈಲು ಬಂದರೆ ಒತ್ತಬೇಡಿ. ಅದು ಮೊಬೈಲಿನಲ್ಲಿ ಕೂತರೆ ನಿಮಗೆ ಬರುವ ಓಟಿಪಿಯನ್ನು ಕಳ್ಳನೂ ಓದಬಲ್ಲ.

ಬ್ಯಾಂಕ್ ಮಿತ್ರರ ಬಳಿ ಹೆಬ್ಬೆಟ್ಟು ಒತ್ತುವಾಗಲೂ ಇದೇ ನಿಯಮ. ಎಷ್ಟು ಮೊತ್ತ ಅಂತ ಮೊದಲು ಕೇಳಿ, ರಸೀದಿ ಪಡೆಯಿರಿ. "ಆಗಲಿಲ್ಲ, ಇನ್ನೊಮ್ಮೆ ಒತ್ತಿ" ಅಂದರೆ ಮೊದಲು ಬಾಕಿ ಎಷ್ಟಿದೆ ಅಂತ ನೋಡಿಸಿ. ಆಧಾರ್ ಆ್ಯಪಿನಲ್ಲಿ ಬೆರಳಚ್ಚಿಗೆ ಬೀಗ ಹಾಕುವ ಸೌಲಭ್ಯವಿದೆ. ಬೇಕಾದಾಗ ತೆಗೆದು, ಕೆಲಸ ಮುಗಿದ ಮೇಲೆ ಮತ್ತೆ ಹಾಕಬಹುದು.

ಇನ್ನು ಕೆಲವರು ಪೊಲೀಸ್ ವೇಷ ಹಾಕಿ ವಿಡಿಯೋ ಕರೆಯಲ್ಲಿ "ನಿಮ್ಮನ್ನು ಡಿಜಿಟಲ್ ಅರೆಸ್ಟ್ ಮಾಡಿದ್ದೇವೆ" ಅನ್ನುತ್ತಾರೆ. ನಮ್ಮ ಕಾನೂನಿನಲ್ಲಿ ಅಂಥ ಬಂಧನವೇ ಇಲ್ಲ. 2024ರ ಅಕ್ಟೋಬರಿನಲ್ಲಿ ಪ್ರಧಾನಮಂತ್ರಿಗಳೂ ಆಕಾಶವಾಣಿಯ 'ಮನ್ ಕಿ ಬಾತ್' ಕಾರ್ಯಕ್ರಮದಲ್ಲಿ ಇದನ್ನೇ ಹೇಳಿದರು. ಕರೆ ಕಡಿದುಬಿಡಿ.

ಅಕ್ಕಂದಿರೇ, ಈಗ ಹೇಳುವ ಮಾತು ಎಲ್ಲಕ್ಕಿಂತ ಮುಖ್ಯ. ಇಷ್ಟೆಲ್ಲ ಎಚ್ಚರವಿದ್ದರೂ ಯಾರಾದರೂ ಮೋಸಹೋಗಬಹುದು. ಆಗ ನಮ್ಮ ಹೆಣ್ಣುಮಕ್ಕಳು ಏನು ಮಾಡುತ್ತಾರೆ? ಗಂಡ ಬೈದಾನು, ಸಂಘದವರು ನಕ್ಕಾರು ಅಂತ ಬಾಯಿ ಮುಚ್ಚಿ ಅಳುತ್ತಾರೆ. ಅಷ್ಟರಲ್ಲಿ ಹಣ ಹತ್ತು ಖಾತೆ ದಾಟಿರುತ್ತದೆ. ತಡಮಾಡದೆ 1930 ನಂಬರಿಗೆ ಫೋನ್ ಮಾಡಿ. ಹಣ ಹೋದ ಸಮಯ, ಮೊತ್ತ, ವ್ಯವಹಾರ ಸಂಖ್ಯೆ ಹೇಳಿ. ಹಣ ಇನ್ನೂ ಯಾವುದಾದರೂ ಖಾತೆಯಲ್ಲಿದ್ದರೆ ಅದನ್ನು ಅಲ್ಲೇ ತಡೆಹಿಡಿಯಲು ಸಾಧ್ಯವಿದೆ. ನಿಮ್ಮ ಬ್ಯಾಂಕಿಗೂ ಆಗಲೇ ತಿಳಿಸಿ, ದೂರಿನ ಸಂಖ್ಯೆ ಬರೆದುಕೊಳ್ಳಿ. ಬ್ಯಾಂಕಿಗೆ ತಿಳಿಸಿದ ನಂತರವೂ ಹಣ ಹೋದರೆ ಆ ನಷ್ಟ ಬ್ಯಾಂಕಿನದು ಎಂದು ರಿಸರ್ವ್ ಬ್ಯಾಂಕು 2017ರ ಸುತ್ತೋಲೆಯಲ್ಲಿ ಹೇಳಿದೆ. ಆದ್ದರಿಂದ ಬೇಗ ಬಾಯಿಬಿಟ್ಟವರಿಗೆ ನಷ್ಟ ಕಡಿಮೆ.

ಬೇಗ ಬಾಯಿಬಿಡಬೇಕಾದರೆ ಬೈಯುವವರು ಇರಬಾರದು. ಮುಂದಿನ ಸಭೆಯಲ್ಲಿ ಒಂದು ಠರಾವು ಮಾಡಿ: "ಮೋಸಹೋದ ಸದಸ್ಯೆಯನ್ನು ಯಾರೂ ಹಂಗಿಸುವುದಿಲ್ಲ, ಮೊದಲು ಅವಳ ಜೊತೆ ಕೂತು 1930ಕ್ಕೆ ಫೋನ್ ಮಾಡುತ್ತೇವೆ." ನಡಾವಳಿ ಪುಸ್ತಕದ ಮೊದಲ ಪುಟದಲ್ಲಿ ಆ ನಂಬರನ್ನು ದೊಡ್ಡದಾಗಿ ಬರೆಯಿರಿ. ಪ್ರತಿ ಸಭೆಯಲ್ಲಿ ಐದು ನಿಮಿಷ, ಈ ವಾರ ಯಾರಿಗೆ ಎಂಥ ಕರೆ ಬಂತು ಅಂತ ಮಾತಾಡಿ. ಒಬ್ಬಳಿಗೆ ಬಂದ ಕರೆಯ ಸುದ್ದಿ ಉಳಿದವರನ್ನೆಲ್ಲ ಉಳಿಸುತ್ತದೆ.

ಶುಭಸಂದೇಶದ ಹತ್ತು ಕನ್ಯೆಯರ ಸಾಮತಿ ನಿಮ್ಮಲ್ಲಿ ಅನೇಕರಿಗೆ ಗೊತ್ತು. ವಿವೇಕಿಗಳಾದ ಐವರು ಎಣ್ಣೆಯನ್ನು ಮೊದಲೇ ಇಟ್ಟುಕೊಂಡಿದ್ದರು. ನಮ್ಮ ದಿನದಿನದ ಅಭ್ಯಾಸವೇ ಆ ಎಣ್ಣೆ. ದೇವರು ನಿಮ್ಮ ದುಡಿಮೆಯನ್ನೂ ಉಳಿತಾಯವನ್ನೂ ಕಾಯಲಿ.