ಅಲ್ಪ ಬಂಡವಾಳದ ಕುಟುಂಬ ಕೃಷಿ

(ಶತಮಾನೋತ್ಸವದ ಅಂಗವಾಗಿ ಜರಗಿದ ಕೃಷಿಕರ ಕೂಟದಲ್ಲಿ ಮಾಡಿದ ಭಾಷಣ)



ನೂರು ವರ್ಷಗಳ ಹಿಂದೆ ಈ ದೇವಾಲಯಕ್ಕೆ ಅಡಿಗಲ್ಲನ್ನಿಟ್ಟ ನಮ್ಮ ಹಿರಿಯರಲ್ಲಿ ಹೆಚ್ಚಿನವರು ಗೇಣಿ ಒಕ್ಕಲುಗಳು. ಉತ್ತ ನೆಲ ಅವರದಾಗಿರಲಿಲ್ಲ. 1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯಿಂದ ಗೇಣಿ ಪದ್ಧತಿ ಅಳಿದು, ಡಿಕ್ಲರೇಶನ್ ಕೊಟ್ಟ ಅನೇಕ ಮನೆಗಳಿಗೆ ಭೂಮಿಯ ಒಡೆತನ ದೊರೆಯಿತು. ಅದೇ ಭೂಮಿ ಇಂದು ಪಾಲಾಗಿ ಐವತ್ತು ಅರುವತ್ತು ಸೆಂಟ್ಸಿಗೆ ಇಳಿದಿದೆ. ಮಕ್ಕಳು ಮುಂಬಯಿಗೆ, ಕೊಲ್ಲಿ ರಾಷ್ಟ್ರಗಳಿಗೆ ತೆರಳಿದ್ದಾರೆ. “ಇಷ್ಟರಿಂದ ಏನಾದೀತು? ಮಾರಿಬಿಡೋಣ” ಎಂಬ ಮಾತು ಮನೆಮನೆಯಲ್ಲೂ ಕೇಳಿಬರುತ್ತಿದೆ. ಮಾರುವ ಮುನ್ನ ನಾವು ಒಮ್ಮೆ ಲೆಕ್ಕ ಹಾಕಿ ನೋಡಬೇಡವೇ?

ಗೋಪುರ ಕಟ್ಟಹೊರಟವನ ಸಾಮತಿಯನ್ನು ಸಂತ ಲೂಕರ ಶುಭಸಂದೇಶದಲ್ಲಿ ಕೇಳಿದ್ದೇವೆ. ಕೃಷಿಗೂ ಅದೇ ವಿವೇಕ ಬೇಕು. ಅಡಿಕೆ ಸಸಿ ಫಲ ಕೊಡಲು ಐದಾರು ವರ್ಷ ಬೇಕು. ಅಲ್ಲಿಯ ತನಕ ಅಕ್ಕಿಯಂಗಡಿಯವನು ಕಾಯಲಾರ. ಆದುದರಿಂದ ಕೈಯಲ್ಲಿದ್ದ ಹಣವನ್ನೆಲ್ಲ ಅಡಿಕೆಗೇ ಸುರಿಯುವುದು ಸಲ್ಲದು.

ದಿನದ ಆದಾಯಕ್ಕೆ ಮಲ್ಲಿಗೆಯಿದೆ. ಶಂಕರಪುರ, ಶಿರ್ವಗಳ ಕಡೆ ಅನೇಕ ಕ್ರೈಸ್ತ ಕುಟುಂಬಗಳು ಮನೆಯ ಮಗ್ಗುಲಲ್ಲೇ ಇದನ್ನು ಬೆಳೆಸಿಕೊಂಡು ಬಂದಿವೆ. ಹಟ್ಟಿಗೊಬ್ಬರ, ನೆಲಗಡಲೆ ಹಿಂಡಿ, ಮನೆಮಂದಿಯ ದುಡಿಮೆ ಇವೇ ಮುಖ್ಯ ಬಂಡವಾಳ. ನಸುಕಿನಲ್ಲಿ ಮೊಗ್ಗು ಕೊಯ್ದು ಬಾಳೆನಾರಿನಲ್ಲಿ ಕಟ್ಟಿದರೆ 800 ಹೂವಿಗೆ ಒಂದು ಚೆಂಡು, 4 ಚೆಂಡಿಗೆ ಒಂದು ಅಟ್ಟೆ. ಮದುವೆಯ ದಿನಗಳಲ್ಲಿ ದರ ಏರುತ್ತದೆ, ಮಳೆಗಾಲದಲ್ಲಿ ಇಳುವರಿ ಕುಸಿಯುತ್ತದೆ. ಏರಿದ ದರವನ್ನು ನಂಬಿ ಸಾಲ ಮಾಡಬಾರದು. ಮೊಗ್ಗು ಕೊಯ್ದು ಕಟ್ಟುವ ತಾಯಂದಿರ ಶ್ರಮಕ್ಕೂ ಪುಸ್ತಕದಲ್ಲಿ ಕೂಲಿ ಬರೆಯಬೇಕು. ಇಲ್ಲವಾದರೆ ನಾವು ಕಾಣುವ ಲಾಭವೇ ಸುಳ್ಳು.

ವಾರದ ಖರ್ಚಿಗೆ ತೊಂಡೆ, ಅಲಸಂಡೆ, ಬಸಳೆ, ಊರ ಕೋಳಿಗಳಿವೆ. ಇವುಗಳಲ್ಲಿ ಉಳಿದ ಹಣದಿಂದ ವರ್ಷಕ್ಕೆ ಹತ್ತು ಸೆಂಟ್ಸಿನಷ್ಟೇ ಅಡಿಕೆ ಇಡೋಣ. ಒಂಬತ್ತು ಅಡಿ ಅಂತರದಲ್ಲಿ ಅಲ್ಲಿ ಐವತ್ತರಷ್ಟು ಸಸಿಗಳು ಹಿಡಿಯುತ್ತವೆ. ನಡುವೆ ಬಾಳೆ ನೆಟ್ಟರೆ ಎಳೆಯ ಸಸಿಗೆ ನೆರಳೂ ಆಯಿತು, ಮನೆಗೆ ಗೊನೆಯೂ ಆಯಿತು.

ಖರ್ಚಿನ ಸರದಿಯಲ್ಲಿ ನೀರಿಗೇ ಮೊದಲ ಸ್ಥಾನ. ಜೂನ್‌ನಿಂದ ಸೆಪ್ಟೆಂಬರ್ ತನಕ ಸುರಿಯುವ ಮಳೆ ಹೊಳೆ ಸೇರಿದರೆ, ಏಪ್ರಿಲ್ ಮೇ ತಿಂಗಳಲ್ಲಿ ಬಾವಿ ಬತ್ತುತ್ತದೆ. ಹಾರೆ ಪಿಕ್ಕಾಸು ಹಿಡಿದು ಇಂಗುಗುಂಡಿ ತೋಡಲು ಬ್ಯಾಂಕಿನ ಅಪ್ಪಣೆ ಬೇಕಿಲ್ಲ. ಅನಂತರ ಮಣ್ಣಿನ ಪರೀಕ್ಷೆ; ಆಮೇಲೆ, ಸೊಪ್ಪನ್ನೂ ಕೊಡುವ ಗೊಬ್ಬರದ ಗಿಡದ ಜೀವಂತ ಬೇಲಿ. ಟಿಲ್ಲರನ್ನು ಬಾಡಿಗೆಗೆ ತಂದರೆ ಸಾಕು. ಕೃಷಿಯ ಪ್ರಾರಂಭಕ್ಕೆಂದು ಭೂಮಿಯ ಪತ್ರವನ್ನೇ ಅಡವಿಡುವುದು ಬೇಡ. ಹಿರಿಯರ ಬೆವರಿಗೆ ಸಿಕ್ಕಿದ ಏಕೈಕ ರಸೀದಿ ಅದು.

ಸೆಪ್ಟೆಂಬರ್ 8ರಂದು, ಮಾತೆ ಮರಿಯಮ್ಮನವರ ಜನನೋತ್ಸವದಲ್ಲಿ, ನಾವು ಹೊಸ ತೆನೆಯನ್ನು ಆಶೀರ್ವದಿಸಿ ಮನೆಗೊಯ್ಯುತ್ತೇವೆ. ನಮ್ಮಲ್ಲಿ ಯಾರೂ ಬಿತ್ತದಿದ್ದರೆ ಆ ತೆನೆಯನ್ನೂ ಹೊರಗಿನಿಂದ ಕೊಂಡುತರಬೇಕಾದೀತು. ಹಾಗಾಗದಂತೆ, ಮನೆಗೊಂದು ತುಂಡು ನೆಲವಾದರೂ ಹಸಿರಾಗಿರಲಿ. ಕೃಷಿಕರ ಪಾಲಕರಾದ ಸಂತ ಇಸಿದೋರರು ನಮಗಾಗಿ ಪ್ರಾರ್ಥಿಸಲಿ.